ನಿಯಮದ ಹಿಂದೆ ನೆರೆಯವರು
ಸರೋವರದ ದಂಡೆಯ ಗುಡಾರವಾಸ ಕುಟುಂಬಕ್ಕೆ ಕಲಿಸುವ ಪಾಠ

ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಂದಿರು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವೇನಲ್ಲ. ಅಲ್ಲಿ ಅವರು ಕಾಣುವ ಒಂದು ವಾಡಿಕೆ ಅನೇಕರಿಗೆ ಬೆರಗು ಹುಟ್ಟಿಸುತ್ತದೆ. ಒಳ್ಳೆಯ ಮನೆ, ಮೆತ್ತನೆಯ ಹಾಸಿಗೆ, ನಲ್ಲಿ ತಿರುಗಿಸಿದರೆ ಬಿಸಿನೀರು ಎಲ್ಲ ಇರುವ ಕುಟುಂಬಗಳು ಜೂನ್-ಜುಲೈ ಬಂತೆಂದರೆ ಟೆಂಟು, ಅಂದರೆ ಗುಡಾರವನ್ನು ಕಾರಿಗೆ ಹೇರಿಕೊಂಡು ಯಾವುದಾದರೂ ಸರೋವರದ ದಂಡೆಗೆ ಹೋಗುತ್ತವೆ. ಎರಡು ಮೂರು ದಿನ ನೆಲದ ಮೇಲೆ ಮಲಗಿ, ಸೌದೆ ಉರಿಯಲ್ಲಿ ಬೇಯಿಸಿ ತಿಂದು, ಸೊಳ್ಳೆ ಕಚ್ಚಿಸಿಕೊಂಡು, ಸಂತೋಷವಾಗಿ ಹಿಂತಿರುಗುತ್ತವೆ. ನಮ್ಮ ಮಕ್ಕಳೂ ಈ ರೂಢಿಯನ್ನು ಕಲಿತುಕೊಂಡಿದ್ದಾರೆ. ಅಪ್ಪ ಅಮ್ಮನನ್ನೂ ಕರೆದೊಯ್ಯುತ್ತಾರೆ.

ಆದರೆ ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ನಿಯಮಗಳ ಫಲಕ. ರಾತ್ರಿ ಹತ್ತು ಗಂಟೆಯ ಮೇಲೆ ಸದ್ದು ಕೂಡದು. ಮನೆಯಿಂದ ಸೌದೆ ತರಕೂಡದು. ಕಾಡಿನಲ್ಲಿ ಬಿದ್ದ ಕಟ್ಟಿಗೆಯನ್ನೂ ಆಯಕೂಡದು. ಊಟದ ಪದಾರ್ಥ ಹೊರಗೆ ಬಿಡಕೂಡದು. ಪಾತ್ರೆ ತೊಳೆದ ನೀರನ್ನು ಸರೋವರಕ್ಕೆ ಚೆಲ್ಲಕೂಡದು. ‘ವಿಶ್ರಾಂತಿಗೆಂದು ಬಂದಲ್ಲಿಯೂ ಇಷ್ಟೊಂದು ಕಟ್ಟಳೆಯೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

1. ಇದು ಯಾರ ಜಾಗ?

ಉದಾಹರಣೆಗೆ ಒಂದೇ ಸ್ಥಳವನ್ನು ತೆಗೆದುಕೊಳ್ಳೋಣ. ಅಮೆರಿಕದ ಉತ್ತರ ಭಾಗದಲ್ಲಿ ಮಿನ್ನೆಸೋಟ ಎಂಬ ರಾಜ್ಯವಿದೆ. ಮಿನಿಯಾಪೊಲಿಸ್ ನಗರದಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ಪ್ರಯಾಣ ಮಾಡಿದರೆ ಇಟಾಸ್ಕ ಸ್ಟೇಟ್ ಪಾರ್ಕ್ ಸಿಗುತ್ತದೆ. ಸ್ಟೇಟ್ ಪಾರ್ಕ್ ಎಂದರೆ ಹೂವಿನ ತೋಟವಲ್ಲ. ಕೇಂದ್ರ ಸರ್ಕಾರಕ್ಕೆ ಸೇರಿದ ರಾಷ್ಟ್ರೀಯ ಉದ್ಯಾನಗಳಿಗಿಂತ ಬೇರೆಯಾಗಿ, ಆಯಾ ರಾಜ್ಯ ಸರ್ಕಾರವೇ ಜನರ ಹೆಸರಿನಲ್ಲಿ ಕಾದಿಟ್ಟ ಕಾಡು, ಕೆರೆ, ದಡಗಳು ಇವು. ಇಟಾಸ್ಕದ ವಿಸ್ತಾರ 32,000 ಎಕರೆ. ಅದರೊಳಗೆ ನೂರಕ್ಕೂ ಹೆಚ್ಚು ಸರೋವರಗಳಿವೆ. ಅವುಗಳಲ್ಲಿ ದೊಡ್ಡದಾದ ಇಟಾಸ್ಕ ಸರೋವರದಿಂದಲೇ ಮಿಸಿಸಿಪ್ಪಿ ಮಹಾನದಿ ಹುಟ್ಟುತ್ತದೆ. ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ಅಲ್ಲಿ ನದಿಯನ್ನು ದಾಟುತ್ತಾರೆ. ಅಲ್ಲಿ ನೆಟ್ಟಿರುವ ಮರದ ಕಂಬದ ಬರಹದ ಪ್ರಕಾರ ಆ ನೀರು ಮೆಕ್ಸಿಕೊ ಕೊಲ್ಲಿಯನ್ನು ಸೇರಲು 2,552 ಮೈಲಿ ಹರಿಯಬೇಕು.

‘ಇಟಾಸ್ಕ’ ಎಂಬ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಈ ಸರೋವರವನ್ನು ತಲತಲಾಂತರದಿಂದ ಬಲ್ಲವರು. ಎಲ್ಕ್ ಎಂಬ ದೊಡ್ಡ ಜಿಂಕೆಯ ಹೆಸರಿನಿಂದ ಅದನ್ನು ಕರೆಯುತ್ತಿದ್ದರು. 1832ರಲ್ಲಿ ಒಜಾವಿಂಡಿಬ್ ಎಂಬ ಒಜಿಬ್ವೆ ಮುಖಂಡ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅಮೆರಿಕನ್ ಅಧಿಕಾರಿಗೆ ದಾರಿ ತೋರಿಸಿ ಅಲ್ಲಿಗೆ ಕರೆದೊಯ್ದ. ಸ್ಕೂಲ್‌ಕ್ರಾಫ್ಟ್ ಲತೀನ್ ಭಾಷೆಯ ಎರಡು ಪದಗಳನ್ನು ಜೋಡಿಸಿದ: ‘ವೆರಿತಾಸ್’ ಎಂದರೆ ಸತ್ಯ, ‘ಕಾಪುತ್’ ಎಂದರೆ ತಲೆ. ಮೊದಲ ಪದದ ತಲೆಯನ್ನೂ ಎರಡನೆಯದರ ಬಾಲವನ್ನೂ ಕತ್ತರಿಸಿದಾಗ ಉಳಿದದ್ದೇ ‘ಇಟಾಸ್ಕ’, ನದಿಯ ನಿಜವಾದ ಮೂಲ ಎಂಬ ಅರ್ಥದಲ್ಲಿ. ದಾರಿ ಬಲ್ಲವನ ಭಾಷೆಯ ಹೆಸರು ಮರೆಗೆ ಸರಿದು, ದಾರಿ ಕೇಳಿದವನ ಹೆಸರು ನಕಾಶೆಯಲ್ಲಿ ಉಳಿಯಿತೆಂಬುದನ್ನೂ ನಾವು ಗಮನಿಸಬೇಕು.

ಮರದ ವ್ಯಾಪಾರಿಗಳು ಇಲ್ಲಿನ ಪೈನ್ ಕಾಡನ್ನು ಕಡಿದು ಮುಗಿಸುವ ಮೊದಲು ಅದನ್ನು ಉಳಿಸಬೇಕೆಂದು ಕೆಲವರು ಹೋರಾಡಿದರು. 1891ರಲ್ಲಿ ರಾಜ್ಯ ಶಾಸನಸಭೆಯಲ್ಲಿ ಕೇವಲ ಒಂದು ಮತದ ಅಂತರದಿಂದ ಉದ್ಯಾನದ ಮಸೂದೆ ಗೆದ್ದಿತು. ಅದು ಮಿನ್ನೆಸೋಟದ ಮೊದಲ ಸ್ಟೇಟ್ ಪಾರ್ಕ್. ಆದರೆ ಕಾಗದದ ಮೇಲೆ ಕಾನೂನು ಬಂದ ಮಾತ್ರಕ್ಕೆ ಕೊಡಲಿ ನಿಲ್ಲಲಿಲ್ಲ. 1903ರಲ್ಲಿ ಉದ್ಯಾನದ ಮೇಲ್ವಿಚಾರಕರಾಗಿದ್ದ ಜಾನ್ ಗಿಬ್ಸ್ ತೀರಿಕೊಂಡಾಗ, ಅವರ ಮಗಳು ಮೇರಿ ಗಿಬ್ಸ್ ಆ ಹುದ್ದೆಗೆ ಬಂದಳು. ಆಗ ಅವಳಿಗೆ 24 ವರ್ಷ. ಮರದ ದಿಮ್ಮಿಗಳನ್ನು ತೇಲಿಸಲೆಂದು ಒಂದು ಕಂಪನಿ ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ಏರಿಸಿತ್ತು. ದಡದ ಮರಗಳು ನೀರಿನಲ್ಲಿ ಮುಳುಗುತ್ತಿದ್ದವು. ಮೇರಿ ಅಲ್ಲಿಗೆ ಹೋಗಿ ಬಾಗಿಲು ತೆರೆಯುವಂತೆ ಆಜ್ಞೆ ಮಾಡಿದಳು. ಬಂದೂಕು ತೋರಿಸಿ ಬೆದರಿಸಿದರೂ ಹಿಂಜರಿಯಲಿಲ್ಲ. ಅವಳು ಆ ಹುದ್ದೆಯಲ್ಲಿದ್ದದ್ದು ಕೆಲವೇ ತಿಂಗಳು. ಮರ ಕಡಿಯುವುದು ಅವಳ ನಂತರವೂ ಹಲವು ವರ್ಷ ನಡೆಯಿತು. ಆದರೂ ನದಿಮೂಲದ ಬಳಿ ಇರುವ ಸಂದರ್ಶಕರ ಕೇಂದ್ರಕ್ಕೆ ಇಂದು ಮೇರಿ ಗಿಬ್ಸಳ ಹೆಸರಿದೆ. ಇನ್ನೂರೈವತ್ತು ವರ್ಷಕ್ಕೂ ಹಳೆಯ ಕೆಂಪು ಪೈನ್ ಮರಗಳು ಸರೋವರದ ಪಕ್ಕದಲ್ಲಿ ಇಂದಿಗೂ ನಿಂತಿವೆ. ಅಲ್ಲಿನ ಒಂದು ತೋಪಿಗೆ ‘ಬೋಧಕರ ತೋಪು’ ಎಂದೇ ಹೆಸರು. ಹಿಂದೊಮ್ಮೆ ಸಮ್ಮೇಳನಕ್ಕೆ ಬಂದ ಬೋಧಕರು ಅಲ್ಲಿ ಬಿಡಾರ ಹೂಡಿದ್ದರಂತೆ.

ಇದು ಯಾರ ಜಾಗ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ದುಡ್ಡು ಕೊಟ್ಟು ಎರಡು ರಾತ್ರಿಗೆ ಗೊತ್ತುಮಾಡಿಕೊಂಡ ಒಂದು ತುಂಡು ನೆಲ ನಮ್ಮದೆಂದು ನಮಗೆ ಅನಿಸುತ್ತದೆ. ನಿಜವಾಗಿ ಅದು ನಮಗಿಂತ ಮುಂಚೆ ಇದ್ದವರದು, ನಮಗಾಗಿ ಕಾದಿಟ್ಟವರದು, ನಾಳೆ ಮಧ್ಯಾಹ್ನ ನಾವು ಖಾಲಿ ಮಾಡಿದ ಮೇಲೆ ಬರುವವರದು ಸಹ.

2. ಒಳ್ಳೆಯ ನಿಯಮದ ಲಕ್ಷಣ

ಸಂತ ತೋಮಾಸ್ ಅಕ್ವಿನಾಸರು ಕಾನೂನಿಗೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾರೆ. ಅದು ವಿವೇಕದಿಂದ ಹುಟ್ಟಿರಬೇಕು. ಸಮುದಾಯದ ಒಳಿತಿಗಾಗಿ ಇರಬೇಕು. ಸಮುದಾಯದ ಹೊಣೆ ಹೊತ್ತವರು ಅದನ್ನು ಮಾಡಿರಬೇಕು. ಎಲ್ಲರಿಗೂ ಅದನ್ನು ತಿಳಿಯಪಡಿಸಿರಬೇಕು. ಹದಿಮೂರನೆಯ ಶತಮಾನದ ಈ ವಿವರಣೆಯನ್ನು ಕ್ಯಾಂಪಿನ ಬಾಗಿಲಲ್ಲಿ ತೂಗುಹಾಕಿದ ಫಲಕಕ್ಕೆ ಒರೆಹಚ್ಚಿ ನೋಡಬಹುದು. ಹೊಣೆ ಹೊತ್ತ ಇಲಾಖೆ ಮಾಡಿದೆ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆದು ಹಾಕಿದೆ. ಅದರ ಹಿಂದಿರುವ ವಿವೇಕವೇನು, ಅದರಿಂದ ಯಾರಿಗೆ ಒಳಿತು ಎಂಬುದಷ್ಟೇ ನಾವು ತಿಳಿಯಬೇಕಾದದ್ದು. ಮಕ್ಕಳಿಗೆ ‘ಮಾಡಬೇಡ’ ಎಂದು ಹೇಳಿದರೆ ಸಾಲದು. ಆ ನಿಯಮದ ಹಿಂದೆ ನಿಂತಿರುವ ಮನುಷ್ಯನನ್ನು ತೋರಿಸಬೇಕು.

3. ಪಕ್ಕದ ಗುಡಾರದವರು

ಇಟಾಸ್ಕದಲ್ಲಿ ಪೈನ್ ರಿಡ್ಜ್ ಮತ್ತು ಬೇರ್ ಪಾ ಎಂಬ ಎರಡು ದೊಡ್ಡ ತಂಗುದಾಣಗಳಿವೆ. ಎರಡರಲ್ಲೂ ಸೇರಿ ಇನ್ನೂರಕ್ಕೂ ಮಿಕ್ಕಿದ ನಿವೇಶನಗಳು. ಒಂದೊಂದಕ್ಕೂ ಸಂಖ್ಯೆ, ಒಂದು ಮೇಜು, ಬೆಂಕಿಗೆಂದು ಕಬ್ಬಿಣದ ಬಳೆ, ಗುಡಾರ ಹಾಕಲು ಸಮತಟ್ಟಾದ ನೆಲ. ಮನೆಗೂ ಗುಡಾರಕ್ಕೂ ಇರುವ ದೊಡ್ಡ ವ್ಯತ್ಯಾಸ ಗೋಡೆ. ಬಟ್ಟೆಯ ಗೋಡೆ ಮಳೆಯನ್ನು ತಡೆಯಬಹುದು, ಮಾತನ್ನು ತಡೆಯದು. ಗಂಡಹೆಂಡಿರ ಜಗಳ, ಫೋನಿನ ಹಾಡು, ಕಾರಿನ ಬಾಗಿಲು ಬಡಿಯುವ ಸದ್ದು ಎಲ್ಲವೂ ನಾಲ್ಕು ಗುಡಾರಗಳ ಆಚೆಗೆ ಕೇಳುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಮೌನ ಎಂಬ ನಿಯಮದ ಹಿಂದೆ, ಈಗಷ್ಟೇ ಮಗುವನ್ನು ಮಲಗಿಸಿದ ಒಬ್ಬ ತಾಯಿ ಇದ್ದಾಳೆ.

ಆಹಾರದ ನಿಯಮವೂ ಹಾಗೆಯೇ. ಆ ಕಾಡಿನಲ್ಲಿ ಕಪ್ಪು ಕರಡಿಗಳಿವೆ, ರಕೂನ್ ಎಂಬ ಕಳ್ಳಪ್ರಾಣಿಗಳೂ ಇವೆ. ಅನ್ನದ ಅಗುಳು, ಸಾರಿನ ಪಾತ್ರೆ, ಹಣ್ಣಿನ ಸಿಪ್ಪೆ ಯಾವುದನ್ನೂ ಮೇಜಿನ ಮೇಲೆ ಬಿಡಬಾರದು. ಗುಡಾರದೊಳಗಂತೂ ಬಿಸ್ಕತ್ತಿನ ಪೊಟ್ಟಣವನ್ನೂ ಇಟ್ಟುಕೊಳ್ಳಬಾರದು. ಊಟವಾದ ಕೂಡಲೇ ಎಲ್ಲವನ್ನೂ ಕಾರಿನೊಳಗೆ ಇಟ್ಟು ಬೀಗ ಹಾಕುವುದು ಕ್ರಮ. ಒಂದು ಕುಟುಂಬದ ಅಲಕ್ಷ್ಯದಿಂದ ರುಚಿ ಕಂಡ ಕರಡಿ ಮರುದಿನ ಇನ್ನೊಂದು ಕುಟುಂಬದ ಗುಡಾರಕ್ಕೆ ಬರುತ್ತದೆ. ಮನುಷ್ಯರ ಭಯ ಬಿಟ್ಟ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೂ ಉಂಟು.

4. ನಾಳೆ ಬರುವವರು

ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಸೌದೆಯ ನಿಯಮ. ಮನೆಯ ಹಿತ್ತಿಲಲ್ಲಿ ಒಣಗಿದ ಮರವಿರುವಾಗ ದುಡ್ಡು ಕೊಟ್ಟು ಸೌದೆ ಕೊಳ್ಳಬೇಕೇಕೆ? ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಒಂದು ಸಣ್ಣ ಜೀರುಂಡೆ 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಪತ್ತೆಯಾಯಿತು. ಅದರ ಮರಿಹುಳು ಆಶ್ ಎಂಬ ಮರದ ತೊಗಟೆಯ ಕೆಳಗೆ ಕೊರೆಯುತ್ತಾ ಹೋಗಿ ಮರವನ್ನು ಒಣಗಿಸಿ ಕೊಲ್ಲುತ್ತದೆ. ತಾನಾಗಿ ಹಾರಿದರೆ ಆ ಹುಳು ಹೆಚ್ಚು ದೂರ ಹೋಗದು. ಆದರೆ ಸೌದೆಯ ತೊಗಟೆಯಲ್ಲಿ ಅಡಗಿ, ನಮ್ಮ ಕಾರಿನಲ್ಲಿ ಕುಳಿತು, ಒಂದೇ ದಿನ ನೂರಾರು ಮೈಲಿ ಹೋಗಬಲ್ಲದು. 2009ರಲ್ಲಿ ಅದು ಮಿನ್ನೆಸೋಟವನ್ನೂ ಮುಟ್ಟಿತು. ಅಮೆರಿಕದಲ್ಲಿ ಇಲ್ಲಿಯವರೆಗೆ ಕೋಟಿಗಟ್ಟಲೆ ಮರಗಳು ಇದರಿಂದ ಸತ್ತಿವೆ. ಆದ್ದರಿಂದ ಪಾರ್ಕಿನಲ್ಲಿ ಮಾರುವ ಅಥವಾ ಸರ್ಕಾರ ಒಪ್ಪಿಗೆ ಕೊಟ್ಟವರು ಮಾರುವ ಸೌದೆಯನ್ನೇ ಸುಡಬೇಕೆಂಬ ಕಟ್ಟಳೆ. ಕಾಡಿನಲ್ಲಿ ಬಿದ್ದ ಕಟ್ಟಿಗೆಯನ್ನು ಆಯಬಾರದೆಂಬುದಕ್ಕೂ ಕಾರಣವಿದೆ: ಅದು ಕೊಳೆತು ಮಣ್ಣಿಗೆ ಗೊಬ್ಬರವಾಗಬೇಕು, ಸಣ್ಣ ಜೀವಿಗಳಿಗೆ ಮನೆಯಾಗಬೇಕು. ಸಾವಿರಾರು ಜನ ಬರುವ ಜಾಗದಲ್ಲಿ ಒಬ್ಬೊಬ್ಬರು ಒಂದು ಕೈಹಿಡಿ ಆಯ್ದರೂ ನೆಲ ಬರಿದಾಗುತ್ತದೆ.

ದೋಣಿ ತರುವವರಿಗೆ ಇನ್ನೊಂದು ಕಟ್ಟಳೆ. 1988ರಲ್ಲಿ ಅಮೆರಿಕದ ಮಹಾಸರೋವರಗಳ ಪ್ರದೇಶದಲ್ಲಿ ಜೀಬ್ರಾ ಮಸೆಲ್ ಎಂಬ ಪಟ್ಟೆಯುಳ್ಳ ಪುಟ್ಟ ಚಿಪ್ಪುಜೀವಿ ಕಂಡುಬಂತು. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ದೋಣಿಯ ತಳದಲ್ಲಿ ಉಳಿದ ನೀರಿನಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತವೆ. ಒಮ್ಮೆ ನೆಲೆಸಿದರೆ ಅವುಗಳನ್ನು ತೆಗೆದುಹಾಕುವುದು ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ದೋಣಿಯನ್ನು ದಡಕ್ಕೆ ತಂದ ಕೂಡಲೇ ಅಂಟಿದ ಕಳೆಯನ್ನು ಕಿತ್ತು, ನೀರನ್ನು ಪೂರ್ತಿ ಬಸಿದು, ಬಸಿಯುವ ತೂತನ್ನು ತೆರೆದಿಟ್ಟೇ ರಸ್ತೆಗೆ ಇಳಿಯಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ.

ಸೋಪು, ಪಾತ್ರೆಯ ನೀರು, ಅಕ್ಕಿ ತೊಳೆದ ನೀರು ಯಾವುದೂ ಸರೋವರಕ್ಕೆ ಸೇರಬಾರದು. ‘ಪರಿಸರಕ್ಕೆ ಹಾನಿಯಿಲ್ಲ’ ಎಂದು ಬಾಟಲಿಯ ಮೇಲೆ ಬರೆದಿದ್ದರೂ ಅದನ್ನು ನೀರಿನಿಂದ ಅರುವತ್ತು ಮೀಟರ್ ದೂರದಲ್ಲಿ ಬಳಸುವುದು ಒಳ್ಳೆಯ ರೂಢಿ; ಪಾರ್ಕಿನಲ್ಲಿ ಅದಕ್ಕೆಂದೇ ಗೊತ್ತುಮಾಡಿದ ಜಾಗವಿದ್ದರೆ ಅಲ್ಲಿಯೇ ಚೆಲ್ಲಬೇಕು. ಮೀನು ಹಿಡಿಯುವವರು ಸೀಸದ ತೂಕಗಳನ್ನು ಬಿಟ್ಟು ಬೇರೆ ಲೋಹದವನ್ನು ಬಳಸಲಿ. ಲೂನ್ ಎಂಬ ಸುಂದರವಾದ ನೀರುಹಕ್ಕಿ ಸೀಸದ ಒಂದು ಚೂರು ನುಂಗಿದರೂ ವಿಷವೇರಿ ಸಾಯಬಹುದು. ರಾತ್ರಿ ಸರೋವರದ ಮೇಲಿನಿಂದ ತೇಲಿಬರುವ ಅದರ ಕೂಗನ್ನು ಕೇಳಿದ ಮಗು ಈ ನಿಯಮವನ್ನು ಎಂದಿಗೂ ಮರೆಯದು.

ಬೆಂಕಿಯನ್ನು ಆರಿಸುವುದೂ ನಾಳೆಯವರ ಋಣವೇ. ನೀರು ಸುರಿಯಬೇಕು, ಕೋಲಿನಿಂದ ಕಲಕಬೇಕು, ಮತ್ತೆ ನೀರು ಸುರಿಯಬೇಕು. ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದಾಗ ಕಾವು ಗೊತ್ತಾಗದಷ್ಟು ಬೂದಿ ತಣ್ಣಗಾದ ಮೇಲೆಯೇ ಜಾಗ ಬಿಡಬೇಕು.

5. ನಮ್ಮ ಕೈಯಳತೆಯಲ್ಲಿರುವವರು

ಮರ, ಹಕ್ಕಿಗಳ ವಿಷಯದಲ್ಲಿ ತಪ್ಪಿದರೆ ನಷ್ಟ. ಈಗ ಹೇಳುವುದರಲ್ಲಿ ತಪ್ಪಿದರೆ ಜೀವವೇ ಹೋಗುತ್ತದೆ. ಆದ್ದರಿಂದ ತಂದೆತಾಯಂದಿರು ಇದನ್ನು ನಿಧಾನವಾಗಿ ಓದಬೇಕೆಂದು ವಿನಂತಿ.

ನೀರು: ಸ್ಟೇಟ್ ಪಾರ್ಕುಗಳ ಈಜುದಡಗಳಲ್ಲಿ ಕಾವಲುಗಾರರು ಇದ್ದೇ ಇರುತ್ತಾರೆಂದು ನಂಬಬಾರದು. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ, ಸದ್ದಿಲ್ಲದೆ ಕೆಳಗಿಳಿಯುತ್ತದೆ. ಈಜು ಬಾರದ ಮಗು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಕೈಯಳತೆಯಲ್ಲಿ ನಿಂತಿರಬೇಕು. ಅವರ ಕೈಯಲ್ಲಿ ಫೋನ್ ಇರಬಾರದು. ಹತ್ತು ಜನ ದೊಡ್ಡವರು ದಡದಲ್ಲಿ ಕೂತು ಹರಟುವಾಗಲೇ ಅಪಾಯ ಹೆಚ್ಚು, ಏಕೆಂದರೆ ಇನ್ನೊಬ್ಬರು ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಎಣಿಸುತ್ತಾರೆ. ‘ಈಗ ನೋಡುವ ಸರದಿ ನನ್ನದು’ ಎಂದು ಒಬ್ಬರು ಬಾಯಿಬಿಟ್ಟು ಹೇಳಲಿ. ಗಾಳಿ ತುಂಬಿದ ಆಟಿಕೆಗಳು ರಕ್ಷಣೆಯಲ್ಲ. ಗಾಳಿ ಬೀಸಿದರೆ ಅವೇ ಮಗುವನ್ನು ಆಳಕ್ಕೆ ಒಯ್ಯುತ್ತವೆ. ಮಗುವಿನ ತೂಕಕ್ಕೆ ಸರಿಯಾದ ಜೀವರಕ್ಷಕ ಜಾಕೆಟ್ ಬೇಕು. ದೋಣಿಯಲ್ಲಿ ದೊಡ್ಡವರೂ ಅದನ್ನು ಧರಿಸಲಿ. ಮೇ ತಿಂಗಳಲ್ಲಿ ಗಾಳಿ ಬೆಚ್ಚಗಿದ್ದರೂ ಉತ್ತರದ ಸರೋವರಗಳ ನೀರು ಕೊರೆಯುತ್ತಿರುತ್ತದೆ. ಈಜು ಬಲ್ಲವರ ಕೈಕಾಲು ಸಹ ಅದರಲ್ಲಿ ಮರಗಟ್ಟುತ್ತದೆ.

ಬೆಂಕಿಯ ಹೊಗೆ: ಚಳಿಯೆಂದು ಗುಡಾರದೊಳಗೆ ಇದ್ದಿಲ ಒಲೆ, ಗ್ಯಾಸ್ ಒಲೆ ಹಚ್ಚುವುದು ಸಾವನ್ನು ಕರೆದಂತೆ. ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲಿಯೇ ಪ್ರಾಣ ಬಿಡುತ್ತಾರೆ. ಉರಿ ನಂದಿದಂತೆ ಕಾಣುವ ಕೆಂಡವೂ ಇದನ್ನು ಹೊರಬಿಡುತ್ತದೆ. ಜುಲೈಯಲ್ಲೂ ಅಲ್ಲಿ ರಾತ್ರಿ ಹತ್ತು ಡಿಗ್ರಿಗೆ ಇಳಿಯುವುದುಂಟು. ಚಳಿಗೆ ಪರಿಹಾರ ಮೈ ಕೆಳಗೆ ದಪ್ಪ ಹಾಸು, ಒಣಗಿದ ಕಾಲುಚೀಲ, ಉಣ್ಣೆಯ ಟೋಪಿ. ನೆಲ ಮೈಯ ಕಾವನ್ನು ಹೀರುವುದರಿಂದ ಹೊದಿಕೆಗಿಂತ ಹಾಸು ಮುಖ್ಯ.

ಸಿಡಿಲು ಮತ್ತು ಗಾಳಿ: ಗುಡುಗು ಕೇಳಿದರೆ ಕೂಡಲೇ ನೀರಿನಿಂದ ಹೊರಗೆ ಬರಬೇಕು. ಗುಡಾರ ಸಿಡಿಲಿನಿಂದ ಕಾಪಾಡದು. ಕಾರಿನೊಳಗೆ ಅಥವಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಕಾಯಬೇಕು. ಗುಡಾರ ಹಾಕುವ ಮೊದಲು ತಲೆಯೆತ್ತಿ ನೋಡಬೇಕು. ಒಣಗಿದ ಕೊಂಬೆಯ ಕೆಳಗೆ ಮಲಗಬಾರದು. ಗುಡಾರದ ಕೆಳಗೆ ಹಾಸುವ ತಾಡಪಾಲು ಅಂಚಿನಿಂದ ಹೊರಗೆ ಚಾಚಿದ್ದರೆ ಮಳೆನೀರು ಅದರ ಮೇಲೆ ನಿಂತು ಹಾಸಿಗೆಯಡಿಗೆ ಬರುತ್ತದೆ; ಅದನ್ನು ಒಳಕ್ಕೆ ಮಡಚಬೇಕು.

ಉಣ್ಣೆಹುಳು: ಆ ಕಾಡಿನ ಒಂದು ಜಾತಿಯ ಉಣ್ಣೆ ಲೈಮ್ ಎಂಬ ರೋಗವನ್ನು ತರುತ್ತದೆ. ಪ್ರತಿ ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ನೋಡಬೇಕು. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ, ಬೆಂಕಿಕಡ್ಡಿ ಬೇಡ.

ಹಿರಿಯರು: ಊರಿನಿಂದ ಬಂದ ಅಜ್ಜ ಅಜ್ಜಿಯನ್ನು ಮನೆಯಲ್ಲಿ ಬಿಟ್ಟುಹೋಗಬೇಕಾಗಿಲ್ಲ. ಮಡಚುವ ಮಂಚ, ಶೌಚಾಲಯಕ್ಕೆ ಹತ್ತಿರದ ನಿವೇಶನ, ಕೈಗೊಂದು ಟಾರ್ಚು ಇದ್ದರೆ ಅವರೂ ನೆಮ್ಮದಿಯಿಂದ ಮಲಗುತ್ತಾರೆ. ಅನೇಕ ಪಾರ್ಕುಗಳಲ್ಲಿ ಮಂಚವಿರುವ ಸಣ್ಣ ಮರದ ಮನೆಗಳೂ ಸಿಗುತ್ತವೆ. ಇನ್ಸುಲಿನ್ ತಂಪಿನಲ್ಲಿರಲಿ. ಕಾಡಿನಲ್ಲಿ ಫೋನ್ ಸಿಗದಿರಬಹುದು. ಎಲ್ಲಿ ಸಿಗುತ್ತದೆಂದು ಮೊದಲೇ ನೋಡಿಟ್ಟುಕೊಂಡು, 911ಕ್ಕೆ ಹೇಳಲು ನಿಮ್ಮ ನಿವೇಶನದ ಸಂಖ್ಯೆಯನ್ನು ಮನೆಯವರೆಲ್ಲ ಬಾಯಿಪಾಠ ಮಾಡಿರಲಿ. ಭಾನುವಾರ ಅಲ್ಲಿಯೇ ಇರುವವರು ಹತ್ತಿರದ ಊರಿನ ಚರ್ಚಿನ ಪೂಜೆಯ ಸಮಯವನ್ನೂ ತಿಳಿದುಕೊಂಡು ಹೊರಡಲಿ.

6. ಗುಡಾರದ ಪಾಠ

ಇಸ್ರಯೇಲ್ ಜನ ವಾಗ್ದತ್ತ ನಾಡಿನಲ್ಲಿ ಕಲ್ಲಿನ ಮನೆ ಕಟ್ಟಿಕೊಂಡ ಮೇಲೂ ವರ್ಷಕ್ಕೆ ಏಳು ದಿನ ಎಲೆಗಳ ಚಪ್ಪರದಲ್ಲಿ ವಾಸಿಸಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಪರ್ಣಶಾಲೆಗಳ ಹಬ್ಬವೆಂದು ನಾವು ಅದನ್ನು ಬಲ್ಲೆವು. ಮರಳುಗಾಡಿನಲ್ಲಿ ಅಲೆದ ಪೂರ್ವಜರ ನೆನಪು ಮಕ್ಕಳಿಗೆ ಮಾತಿನಿಂದ ಬಂದರೆ ಸಾಲದು, ಬೆನ್ನಿಗೆ ನೆಲ ತಾಗಿ ಬರಬೇಕು ಎಂಬುದು ಅದರ ತಾತ್ಪರ್ಯ. ಭದ್ರವಾದ ಗೋಡೆ ಮನುಷ್ಯನಿಗೆ ತಾನು ಯಾರ ಹಂಗಿನಲ್ಲೂ ಇಲ್ಲವೆಂಬ ಭ್ರಮೆಯನ್ನು ಕೊಡುತ್ತದೆ. ಚಪ್ಪರವೋ ಬಟ್ಟೆಯೋ ಗೋಡೆಯಾದಾಗ ಆ ಭ್ರಮೆ ಹರಿಯುತ್ತದೆ. ಪಕ್ಕದವರು ಸುಮ್ಮನಿದ್ದರಷ್ಟೇ ನಮಗೆ ನಿದ್ದೆ. ನಿನ್ನೆಯವರು ಬೆಂಕಿ ಆರಿಸಿ ಹೋದದ್ದರಿಂದ ನಮಗೆ ಕಾಡು. ನೂರಿಪ್ಪತ್ತು ವರ್ಷಗಳ ಹಿಂದೆ ಒಬ್ಬ ಹುಡುಗಿ ಅಣೆಕಟ್ಟಿನ ಮೇಲೆ ಹಿಂಜರಿಯದೆ ನಿಂತದ್ದೂ ನಮ್ಮ ಪಾಲಿಗೆ ಬಂದಿದೆ.

ಈ ಅವಲಂಬನೆ ಅಲ್ಲಿಗೆ ಹೋದಾಗ ಹುಟ್ಟುವುದಲ್ಲ. ನಮ್ಮ ಮನೆಯ ಹಿಂದಿನ ಚರಂಡಿಯ ನೀರೂ ಯಾರದೋ ಬಾವಿಯ ಕಡೆಗೆ ಹರಿಯುತ್ತದೆ; ನಮ್ಮ ಮನೆಯ ಟಿ.ವಿ. ಸದ್ದಿನ ಆಚೆಯೂ ಪರೀಕ್ಷೆಗೆ ಓದುತ್ತಿರುವ ಒಂದು ಮಗುವಿದೆ. ಇಲ್ಲಿ ಗೋಡೆ ದಪ್ಪವಾಗಿರುವುದರಿಂದ ಕಾಣುವುದಿಲ್ಲ, ಅಷ್ಟೇ.

ಕುಟುಂಬದಲ್ಲಿ ಚರ್ಚಿಸಲು

1. ಮೇಲೆ ಹೇಳಿದ ನಿಯಮಗಳಲ್ಲಿ ಮೊದಲ ಓದಿಗೆ ಅನಾವಶ್ಯಕವೆಂದು ತೋರಿದ್ದು ಯಾವುದು? ಕಾರಣ ತಿಳಿದ ಮೇಲೆ ಹೇಗನಿಸಿತು?
2. ನಮ್ಮ ಮನೆಯಲ್ಲಿ ಕಾರಣ ಹೇಳದೆ ಮಕ್ಕಳ ಮೇಲೆ ಹೇರಿರುವ ನಿಯಮ ಯಾವುದಾದರೂ ಇದೆಯೇ? ಅದರ ಹಿಂದೆ ಯಾರ ಒಳಿತಿದೆ?
3. ನಮಗಾಗಿ ಯಾರೋ ಕಾದಿಟ್ಟ ಒಂದು ಕೆರೆ, ಮರ ಅಥವಾ ಬಯಲು ನಮ್ಮ ಊರಿನಲ್ಲಿ ಯಾವುದು? ಅದನ್ನು ಉಳಿಸಿದವರ ಹೆಸರು ಹಿರಿಯರಿಗೆ ನೆನಪಿದೆಯೇ?
4. ಮುಂದಿನ ಬಾರಿ ಮನೆಮಂದಿಯೆಲ್ಲ ನೀರಿನ ಬಳಿಗೆ ಹೋದಾಗ ಮಕ್ಕಳನ್ನು ನೋಡುವ ಸರದಿ ಯಾರದು? ಹೊರಡುವ ಮೊದಲೇ ತೀರ್ಮಾನಿಸಿರಿ.